ಇಬ್ಬರ ಹೆಸರಿನ ಗೃಹಸಾಲ, ಒಬ್ಬರ ಸಂಬಳ: ವಿಚ್ಛೇದನ ಕಾಲದ ಮಧ್ಯಸ್ಥಿಕೆ ಸೇವೆಯೊಂದರ ವಿಮರ್ಶೆ

ವಿಚ್ಛೇದನಕ್ಕೆ ಮುಂದಾದ ದಂಪತಿಗಳು ತಮ್ಮ ಆಸ್ತಿ ಮತ್ತು ಸಾಲದ ಲೆಕ್ಕವನ್ನು ಇತ್ಯರ್ಥಪಡಿಸಿಕೊಳ್ಳಲು ನೆರವಾಗುವ ಮಧ್ಯಸ್ಥಿಕೆ ಸೇವೆಯೊಂದನ್ನು ನಾನು ಮತ್ತು ನನ್ನ ಪತಿ ಒಪ್ಪಿ ಆರಿಸಿಕೊಂಡಿದ್ದೆವು. ಎರಡು ಸಂಬಳಗಳ ಭರವಸೆಯಲ್ಲಿ ಕೊಂಡ ಮನೆಯ ಕಂತನ್ನು ಒಬ್ಬರೇ ಕಟ್ಟುವುದು ನಮ್ಮಿಬ್ಬರಲ್ಲಿ ಯಾರಿಗೂ ಸಾಧ್ಯವಿರಲಿಲ್ಲ. ಆದರೆ ಮಕ್ಕಳು ಬೆಳೆದ ಮನೆಯನ್ನು ಮಾರುವ ಮಾತೆತ್ತಲು ಇಬ್ಬರಿಗೂ ಮನಸ್ಸಿರಲಿಲ್ಲ.

ನನಗೆ ಮೆಚ್ಚುಗೆಯಾದದ್ದು ಅವರು ಚರ್ಚೆಯನ್ನು ಆರಂಭಿಸಿದ ಕ್ರಮ. ಮನೆ ಯಾರ ಪಾಲಿಗೆ ಎಂಬ ಪ್ರಶ್ನೆಯನ್ನು ಬದಿಗಿರಿಸಿ, ಅದನ್ನು ಇಟ್ಟುಕೊಂಡವರು ತಿಂಗಳಿಗೆ ಎಷ್ಟು ತೆರಬೇಕಾಗುತ್ತದೆ ಎಂಬುದನ್ನು, ಕಂತಿನ ಜೊತೆಗೆ ವಿಮೆ, ಆಸ್ತಿ ತೆರಿಗೆ, ದುರಸ್ತಿಯ ಖರ್ಚುಗಳನ್ನೂ ಸೇರಿಸಿ, ಒಬ್ಬರ ಆದಾಯದ ಎದುರಿಗಿಟ್ಟು ತೋರಿಸಿದರು. ಮಕ್ಕಳ ಪೋಷಣೆಗೆಂದು ಬರುವ ಹಣವನ್ನು ಆದಾಯಕ್ಕೆ ಸೇರಿಸುವಾಗ, ಮಕ್ಕಳು ದೊಡ್ಡವರಾದ ಮೇಲೆ ಅದು ನಿಂತರೂ ಸಾಲದ ಅವಧಿ ಮುಂದುವರಿಯಬಹುದೆಂದು ಎಚ್ಚರಿಸಿದರು. ಮನೆಯಲ್ಲಿ ನಮ್ಮ ಪಾಲೆಂದರೆ ಇದುವರೆಗೆ ಕಟ್ಟಿದ ಕಂತುಗಳ ಮೊತ್ತವಲ್ಲ, ಇಂದಿನ ಮಾರುಕಟ್ಟೆ ಬೆಲೆಯಿಂದ ಬಾಕಿ ಸಾಲವನ್ನೂ ಮಾರಾಟದ ವೆಚ್ಚವನ್ನೂ ಕಳೆದು ಉಳಿಯುವ ಮೊತ್ತ ಎಂಬುದನ್ನೂ ಮುಚ್ಚಿಡದೆ ಹೇಳಿದರು. ಮೊದಲ ವರ್ಷಗಳ ಕಂತಿನಲ್ಲಿ ಬಹುಪಾಲು ಬಡ್ಡಿಗೇ ಹೋಗಿರುವುದರಿಂದ ಈ ಲೆಕ್ಕ ಕೇಳುವುದು ಸುಲಭವಲ್ಲ.

ಅವರಿಂದ ದೊರೆತ ಅತ್ಯಂತ ಬೆಲೆಯುಳ್ಳ ತಿಳುವಳಿಕೆ ಸಾಲ ಕೊಟ್ಟ ಬ್ಯಾಂಕಿಗೆ ಸಂಬಂಧಿಸಿದ್ದು. ಕಂತನ್ನು ಇಂಥವರೇ ಕಟ್ಟಬೇಕೆಂದು ದಂಪತಿ ಒಪ್ಪಂದ ಮಾಡಿಕೊಂಡರೂ, ನ್ಯಾಯಾಲಯವೇ ಹಾಗೆ ಆದೇಶಿಸಿದರೂ, ಬ್ಯಾಂಕಿನೊಂದಿಗಿನ ಜಂಟಿ ಸಾಲದ ಕರಾರು ಅಷ್ಟಕ್ಕೇ ಬದಲಾಗುವುದಿಲ್ಲ. ಮನೆಯ ಹಕ್ಕನ್ನು ಬಿಟ್ಟುಕೊಟ್ಟು ಹೊರನಡೆದವರು ಕೂಡ ಪೂರ್ತಿ ಸಾಲಕ್ಕೆ ಹೊಣೆಗಾರರಾಗಿಯೇ ಉಳಿಯುತ್ತಾರೆ, ಕಂತು ತಪ್ಪಿದರೆ ಅವರ ಕ್ರೆಡಿಟ್ ಸ್ಕೋರ್ ಕೂಡ ಕುಸಿಯುತ್ತದೆ. ಸಹ-ಸಾಲಗಾರರ ಹೆಸರನ್ನು ತೆಗೆಯಬೇಕಾದರೆ ಬ್ಯಾಂಕು ಒಪ್ಪಬೇಕು, ಇಲ್ಲವೇ ಒಬ್ಬರ ಹೆಸರಿನಲ್ಲಿ ಹೊಸ ಸಾಲ ಪಡೆದು ಹಳೆಯದನ್ನು ತೀರಿಸಬೇಕು. ಆದ್ದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮೊದಲೇ ಬ್ಯಾಂಕಿನಿಂದ ಲಿಖಿತ ಉತ್ತರ ಪಡೆಯುವಂತೆ ಅವರು ಒತ್ತಾಯಿಸಿದರು. ನನ್ನೊಬ್ಬಳ ಆದಾಯಕ್ಕೆ ಅಷ್ಟು ಸಾಲ ಸಿಗದೆಂಬ ಉತ್ತರ ಬಂದ ನಂತರ ಮಾರಾಟದ ನಿರ್ಧಾರ ಜಗಳವಿಲ್ಲದೆ ಆಯಿತು. ಕಂತು ಬಾಕಿ ಬೀಳುವ ಮುನ್ನವೇ ಮಾರಿದ್ದರಿಂದ ಅವಸರಕ್ಕೆ ಕಡಿಮೆ ಬೆಲೆ ಒಪ್ಪಿಕೊಳ್ಳಬೇಕಾದ ಸ್ಥಿತಿಯೂ ಬರಲಿಲ್ಲ.

ಕೊರತೆಗಳೂ ಇವೆ. ಮನೆಯ ಬೆಲೆ ಕಟ್ಟಲು ಸೇವೆಯವರು ತಮಗೆ ಪರಿಚಿತರಾದ ಒಬ್ಬ ಮೌಲ್ಯಮಾಪಕರನ್ನು ಮಾತ್ರ ಸೂಚಿಸಿದರು. ಒಬ್ಬೊಬ್ಬರೂ ತಮ್ಮದೇ ಮೌಲ್ಯಮಾಪಕರನ್ನು ನೇಮಿಸಿಕೊಳ್ಳುವ ಅವಕಾಶವನ್ನು ಅವರೇ ಮುಂದಿಟ್ಟಿದ್ದರೆ ನನ್ನ ಪತಿಯ ಅನುಮಾನಕ್ಕೆ ಎಡೆಯಿರುತ್ತಿರಲಿಲ್ಲ. ಮಾರಾಟದ ಲಾಭದ ಮೇಲೆ ಬರಬಹುದಾದ ತೆರಿಗೆಯ ಬಗ್ಗೆ ವಿವರಣೆ ತೀರಾ ಮೇಲುಮೇಲಾಗಿತ್ತು. ಮಕ್ಕಳ ಶಾಲೆ ಮುಗಿಯುವವರೆಗೆ ಮಾರಾಟವನ್ನು ಮುಂದೂಡುವ ದಾರಿಯನ್ನು ಹೇಳಿದರಾದರೂ, ಅಲ್ಲಿಯವರೆಗೆ ದುರಸ್ತಿಯ ಹೊಣೆ ಯಾರದು, ಬೆಲೆ ಇಳಿದರೆ ನಷ್ಟ ಯಾರದು ಎಂಬುದನ್ನು ನಾವೇ ಕೇಳಿ ತಿಳಿಯಬೇಕಾಯಿತು.

ಇಬ್ಬರೂ ಲೆಕ್ಕಪತ್ರಗಳನ್ನು ತೆರೆದಿಡಲು ಸಿದ್ಧರಿರುವಲ್ಲಿ ಈ ಸೇವೆಯನ್ನು ನಾನು ಮನಃಪೂರ್ವಕವಾಗಿ ಶಿಫಾರಸು ಮಾಡುತ್ತೇನೆ. ಒಬ್ಬರು ಆದಾಯವನ್ನು ಬಚ್ಚಿಡುತ್ತಿದ್ದರೆ, ಅಥವಾ ಇನ್ನೊಬ್ಬರ ಎದುರು ಬಾಯಿಬಿಡಲು ಹೆದರುವ ಸ್ಥಿತಿಯಿದ್ದರೆ, ಜಂಟಿ ಮಾತುಕತೆಗಿಂತ ವಕೀಲರ ಬಳಿಗೆ ನೇರವಾಗಿ ಹೋಗುವುದೇ ಸುರಕ್ಷಿತ. ಮಧ್ಯಸ್ಥಿಕೆದಾರರು ಯಾರೊಬ್ಬರ ಪರವೂ ಅಲ್ಲದ ಕಾರಣ, ಒಪ್ಪಂದದ ಕರಡನ್ನು ಸಹಿಗೆ ಮೊದಲು ಇಬ್ಬರೂ ತಂತಮ್ಮ ವಕೀಲರಿಂದ ಓದಿಸಬೇಕು. ಅದರ ಶುಲ್ಕ ಬೇರೆ.