ಬ್ರೌನಿಯ ಹೊಟ್ಟೆಗೆ ಕ್ಯಾರಮೆಲ್ಲೋ, ಗನಾಶ್ಶೋ?

ಮೇ ತಿಂಗಳಲ್ಲಿ ಕಲಬುರಗಿಯ ಬಿಸಿಲು 42 ಡಿಗ್ರಿ ದಾಟುವುದು ಹೊಸದೇನಲ್ಲ. ಚಾಕೊಲೇಟಿನಲ್ಲಿರುವ ಕೊಕೊ ಬೆಣ್ಣೆ ಕರಗಲು 34 ಡಿಗ್ರಿ ಸಾಕು. ಹಾಗಾಗಿ ಬ್ರೌನಿಯೊಳಗೆ ಏನು ತುಂಬಬೇಕೆಂದು ರುಚಿಗಿಂತ ಮೊದಲು ಕ್ಯಾಲೆಂಡರ್ ನೋಡಿ ತೀರ್ಮಾನಿಸಿ.

ಗನಾಶ್ ಸುಲಭ. 150 ಗ್ರಾಂ ಡಾರ್ಕ್ ಚಾಕೊಲೇಟ್ ಚೂರಿಗೆ 100 ಮಿಲಿ ಬಿಸಿ ಕ್ರೀಮ್ ಸುರಿದು ಕಲಸಿ, ಬಟರ್ ಪೇಪರ್ ಮೇಲೆ ಹರಡಿ ಫ್ರೀಜರ್‌ನಲ್ಲಿಡಿ. ಗಟ್ಟಿಯಾದ ಹಾಳೆಯನ್ನು ಹಿಟ್ಟಿನ ಎರಡು ಪದರಗಳ ನಡುವೆ ಇಟ್ಟರಾಯಿತು. ಕರೆಂಟ್ ಮಾತ್ರ ಕೈಕೊಡಬಾರದು!

ಕ್ಯಾರಮೆಲ್ ಹಟಮಾರಿ. ಸಕ್ಕರೆ ಕರಗಿ ಜೇನಿನ ಬಣ್ಣದಿಂದ ಕೆಂಪಿಗೆ ತಿರುಗುವ ಗಳಿಗೆಯಲ್ಲಿ ಕಣ್ಣು ಕದಲಿಸುವಂತಿಲ್ಲ. ಹೊಗೆ ಎದ್ದರೆ ಕಹಿ ಗ್ಯಾರಂಟಿ. 150 ಗ್ರಾಂ ಸಕ್ಕರೆಗೆ 60 ಗ್ರಾಂ ಬೆಣ್ಣೆ, 100 ಮಿಲಿ ಕ್ರೀಮ್. ಕ್ರೀಮ್ ಬೆಚ್ಚಗಿರಲಿ, ತಣ್ಣಗಿದ್ದರೆ ಭುಸ್ಸೆಂದು ಉಕ್ಕಿ ಕೈ ಸುಡುತ್ತದೆ. 118 ಡಿಗ್ರಿವರೆಗೆ ಕುದಿಸಿ. ಥರ್ಮಾಮೀಟರ್ ಇಲ್ಲವೇ? ತಣ್ಣೀರಿಗೆ ಒಂದು ಹನಿ ಬಿಡಿ, ಬೆರಳಿಗೆ ಮೆತ್ತನೆಯ ಉಂಡೆ ಸಿಗಬೇಕು. ಶೇಂಗಾ ಉಂಡಿಗೆ ಬೆಲ್ಲದ ಪಾಕ ನೋಡಿದ ಕೈಗೆ ಇದನ್ನು ಹೇಳಿಕೊಡಬೇಕಿಲ್ಲ. ತುಂಬುವಾಗ ಅಂಚಿನಿಂದ ಒಂದಿಂಚು ಬಿಡಿ. ಟಿನ್ನಿಗೆ ತಾಗಿದ ಕ್ಯಾರಮೆಲ್ ಹಲ್ಲಿಗೆ ಕಲ್ಲು.

ಬೇಯಿಸುವುದು ಎರಡಕ್ಕೂ ಒಂದೇ: 8 ಇಂಚಿನ ಟಿನ್, 175 ಡಿಗ್ರಿ, 30 ನಿಮಿಷದ ಆಸುಪಾಸು. ನಡುವೆ ಕಡ್ಡಿ ಚುಚ್ಚಿ ನೋಡಬೇಡಿ, ಅಲ್ಲಿ ಯಾವತ್ತೂ ಹಸಿಯೇ. ಅಂಚಿನ ಹತ್ತಿರ ನೋಡಿ.

ಬೇಸಿಗೆಯಲ್ಲಿ ಡಬ್ಬಿ ಕಟ್ಟಿಕೊಂಡು ಬೀದರ್ ಬಸ್ಸು ಹತ್ತುವುದಿದ್ದರೆ ನನ್ನ ಓಟು ಕ್ಯಾರಮೆಲ್‌ಗೆ. ಮೆತ್ತಗಾದರೂ ಗನಾಶ್‌ನಷ್ಟು ಸೋರುವುದಿಲ್ಲ. ಡಿಸೆಂಬರ್‌ನಲ್ಲಿ ಮನೆಯಲ್ಲೇ ತಿನ್ನುವುದಾದರೆ ಕಣ್ಣು ಮುಚ್ಚಿ ಗನಾಶ್ ಮಾಡಿ, ಚಿಟಿಕೆ ಉಪ್ಪು ಮರೆಯಬೇಡಿ.