ವಿಶ್ವವಿದ್ಯಾಲಯದ ವಿಕಲಚೇತನರ ಸಂಪನ್ಮೂಲ ಕೇಂದ್ರ: ನಾಲ್ಕು ಸೆಮಿಸ್ಟರ್ ಬಳಸಿದ ಮೇಲೆ

ನನಗೆ ಹುಟ್ಟಿನಿಂದ ಕಣ್ಣು ಕಾಣಿಸುವುದಿಲ್ಲ. ಕನ್ನಡ ಎಂಎ ಓದಿದ ಎರಡು ವರ್ಷವೂ ನಮ್ಮ ಗ್ರಂಥಾಲಯದ ಕೆಳಮಹಡಿಯ ಸಂಪನ್ಮೂಲ ಕೇಂದ್ರಕ್ಕೆ ಹೆಚ್ಚುಕಮ್ಮಿ ದಿನಾ ಹೋಗಿದ್ದೇನೆ. ಹೊಸದಾಗಿ ಸೇರುವವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ನೋಂದಣಿ ಸುಲಭ. ಯುಡಿಐಡಿ ಕಾರ್ಡಿನ (ಸರ್ಕಾರ ಕೊಡುವ ವಿಕಲಚೇತನರ ಗುರುತಿನ ಚೀಟಿ) ಜೆರಾಕ್ಸ್ ಕೊಟ್ಟರೆ ಸಾಕು. ಆರು ಕಂಪ್ಯೂಟರ್ ಇವೆ, ಎಲ್ಲದರಲ್ಲೂ ಎನ್‌ವಿಡಿಎ ಇದೆ. ಅದು ಪರದೆಯ ಮೇಲಿರುವುದನ್ನು ಓದಿ ಹೇಳುವ, ಪುಕ್ಕಟೆ ಸಿಗುವ ತಂತ್ರಾಂಶ, ಮನೆಯ ಲ್ಯಾಪ್‌ಟಾಪಿಗೂ ಹಾಕಿಕೊಳ್ಳಬಹುದು. ನಾನು ಅಲ್ಲಿಗೆ ಹೋಗುತ್ತಿದ್ದದ್ದು ನೋಟ್ಸಿಗಾಗಿ.

ನಮ್ಮ ಮೇಷ್ಟ್ರುಗಳ ನೋಟ್ಸ್ ಜಾಸ್ತಿ ಇರುವುದು ಹಳೆಯ ನುಡಿ ಫಾಂಟಿನಲ್ಲಿ. ಕಣ್ಣಿದ್ದವರಿಗೆ ಅದು ಕನ್ನಡವೇ. ಕಂಪ್ಯೂಟರಿನ ಒಳಗೆ ಮಾತ್ರ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ‘ಕನ್ನಡ’ ಅನ್ನುವ ಪದದ ಮೇಲೆ ಬಾಣದ ಕೀ ಒತ್ತುತ್ತಾ ಹೋದರೆ ‘ಪಿ’, ‘ಎ ಗ್ರೇವ್’, ‘ಪೌಂಡ್’ ಅಂತ ಕೇಳಿಸುತ್ತದೆ. ಮೊದಲ ಸೆಮಿಸ್ಟರಿನಲ್ಲಿ ಇದನ್ನು ಕೇಳಿ ಕೇಳಿ ಅತ್ತಿದ್ದೇನೆ. ಕೇಂದ್ರದ ಸಹಾಯಕಿ, ನಾವೆಲ್ಲ ಅಕ್ಕ ಅಂತಲೇ ಕರೆಯುವುದು, ಅದನ್ನೆಲ್ಲ ಎನ್‌ವಿಡಿಎ ಕನ್ನಡವಾಗಿಯೇ ಓದಬಲ್ಲ ಯೂನಿಕೋಡಿಗೆ ಬದಲಿಸಿ, ಅರ್ಕಾವತ್ತು ತಪ್ಪಿದ ಕಡೆಯೆಲ್ಲ ಕೂತು ತಿದ್ದಿ ಕೊಡುತ್ತಿದ್ದರು. ನಾನು ಪಾಸಾಗಿದ್ದರೆ ಅದರಲ್ಲಿ ಅರ್ಧ ಅವರ ದುಡಿಮೆ.

ಅವರದು ಗುತ್ತಿಗೆ ಕೆಲಸ. ಮೂರನೇ ಸೆಮಿಸ್ಟರಿನಲ್ಲಿ ಗುತ್ತಿಗೆಯ ಕಾಗದ ತಡವಾಗಿ ಐದು ವಾರ ಅವರು ಬರಲಿಲ್ಲ. ಆರು ಕಂಪ್ಯೂಟರೂ ಚೆನ್ನಾಗಿಯೇ ನಡೆಯುತ್ತಿದ್ದವು. ನಮಗೆ ಓದಲು ಏನೂ ಇರಲಿಲ್ಲ.

ಇನ್ನು ಪರೀಕ್ಷೆ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ ಕೊಡಬೇಕು ಅಂತ ಆಗ ಜಾರಿಯಲ್ಲಿದ್ದ ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿ ಹೇಳುತ್ತಿತ್ತು. ಮೂರು ಗಂಟೆಯ ಪರೀಕ್ಷೆಗೆ ಒಂದು ಗಂಟೆ. ಇದನ್ನು ತಕರಾರಿಲ್ಲದೆ ಕೊಟ್ಟರು. ಆದರೆ ಲಿಪಿಕಾರರನ್ನು, ಅಂದರೆ ನಾವು ಹೇಳಿದ ಉತ್ತರವನ್ನು ಬರೆಯುವವರನ್ನು, ಎರಡು ದಿನ ಮೊದಲೇ ಭೇಟಿ ಮಾಡಿಸಬೇಕು ಅಂತಲೂ ಅದೇ ಮಾರ್ಗಸೂಚಿಯಲ್ಲಿತ್ತು. ನನಗೆ ಮೊದಲ ಸಲ ಲಿಪಿಕಾರ್ತಿ ಸಿಕ್ಕಿದ್ದು ಪರೀಕ್ಷೆಯ ದಿನ ಬೆಳಿಗ್ಗೆ. ಪಾಪ, ಇಂಗ್ಲಿಷ್ ಮೀಡಿಯಮ್ಮಿನ ಹುಡುಗಿ. ಅವತ್ತು ಹಳಗನ್ನಡದ ಪತ್ರಿಕೆ. ಪದ್ಯದ ಸಾಲು ಸಾಲನ್ನೂ ಅಕ್ಷರ ಬಿಡಿಸಿ ಹೇಳಿದೆ. ‘ಱ’ ಬಂದಾಗ ಅವಳ ಪೆನ್ನು ನಿಂತೇಬಿಟ್ಟಿತು. ಅವಳ ಅಂಗೈ ಹಿಡಿದು ಬೆರಳಿನಲ್ಲಿ ಬರೆದು ತೋರಿಸೋಣ ಅಂದರೆ, ನನಗೆ ಗೊತ್ತಿರುವುದು ಬ್ರೈಲ್ ಚುಕ್ಕಿಗಳು ಮಾತ್ರ. ಹೆಚ್ಚುವರಿ ಸಮಯವೆಲ್ಲ ಅಲ್ಲೇ ಹೋಯಿತು.

ಮುಂದಿನ ಸಲದಿಂದ ನಮ್ಮೂರಿನ ಬಿಎ ಕನ್ನಡ ಓದುವ ಹುಡುಗನನ್ನು ನಾನೇ ಕರೆತಂದೆ. ಹಾಗೆ ತರುವುದಕ್ಕೂ ಆ ಮಾರ್ಗಸೂಚಿಯಲ್ಲಿ ಅವಕಾಶವಿತ್ತು, ಓದು ನಮಗಿಂತ ಒಂದು ಹಂತ ಕೆಳಗಿರಬೇಕಿತ್ತು ಅಷ್ಟೇ. ಲಿಪಿಕಾರರ ಅರ್ಜಿಯನ್ನು ಮೊದಲೇ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ.

ಮುದ್ರಿತ ಪುಸ್ತಕ ಓದಲಾಗದವರಿಗಾಗಿ 2016ರಲ್ಲಿ ಶುರುವಾದ ಆನ್‌ಲೈನ್ ಗ್ರಂಥಾಲಯ ಸುಗಮ್ಯ ಪುಸ್ತಕಾಲಯಕ್ಕೂ ಅಕ್ಕನೇ ಸದಸ್ಯತ್ವ ಮಾಡಿಸಿಕೊಟ್ಟರು. ಇಂಗ್ಲಿಷ್ ಪುಸ್ತಕಗಳಿಗೆ ಒಳ್ಳೆಯದಾಯಿತು, ನನ್ನ ಕನ್ನಡ ಪಠ್ಯಗಳು ಸಿಕ್ಕಿದ್ದು ಕಡಿಮೆ.

ಸೇರಿ ಅಂತ ಧೈರ್ಯವಾಗಿ ಹೇಳುತ್ತೇನೆ. ಸೆಮಿಸ್ಟರಿನ ಮೊದಲ ವಾರವೇ ನೋಟ್ಸ್ ಎಲ್ಲ ಪೆನ್‌ಡ್ರೈವಿನಲ್ಲಿ ಹಾಕಿಸಿಕೊಂಡು ಹೋಗಿ ಅಕ್ಕನ ಕೈಗೆ ಕೊಡಿ. ಪರೀಕ್ಷೆ ಹತ್ತಿರ ಬಂದಾಗ ಅವರ ಮೇಜಿನ ಮುಂದೆ ಹನ್ನೆರಡು ಜನರ ಪೆನ್‌ಡ್ರೈವ್ ಇರುತ್ತವೆ, ಬದಲಿಸುವವರು ಅವರೊಬ್ಬರೇ.