ಹೊಸದೆಂದು ಕೊಂಡ ಕಾರ್ಟ್ರಿಜ್‌ನ ಮೇಲೆ ನನ್ನದೇ ಕೈಬರಹವಿತ್ತು: ಟೋನರ್ ಕೊಳ್ಳುವವರು ದಯವಿಟ್ಟು ಓದಿ

ತಾಲ್ಲೂಕು ಕಚೇರಿಯ ಎದುರು ಹನ್ನೊಂದು ವರ್ಷಗಳಿಂದ ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ ನಡೆಸುತ್ತಿದ್ದೇನೆ. ಕ್ರಯಪತ್ರ, ವಿಭಾಗಪತ್ರ, ಬಾಡಿಗೆ ಕರಾರು, ಅಫಿಡವಿಟ್ಟು, ತಹಶೀಲ್ದಾರರಿಗೆ ಕೊಡುವ ಅರ್ಜಿ, ಇವೇ ನನ್ನ ಅನ್ನ. ಇಷ್ಟು ವರ್ಷ ಈ ಕೆಲಸದಲ್ಲಿದ್ದೂ, ಪ್ರಿಂಟರಿಗೆ ಹಾಕುವ, ಟೋನರ್ ಎಂಬ ಮಸಿಪುಡಿ ತುಂಬಿದ ಒಂದು ಕಾರ್ಟ್ರಿಜ್‌ನ ವಿಷಯದಲ್ಲಿ ಮೋಸ ಹೋದೆ ಎಂದು ಬರೆಯುವುದಕ್ಕೆ ನನಗೆ ನಿಜವಾಗಿಯೂ ನಾಚಿಕೆಯಾಗುತ್ತಿದೆ. ಆದರೂ ಬರೆಯುತ್ತಿದ್ದೇನೆ, ಏಕೆಂದರೆ ನನಗೆ ಮಾರಿದವರು ನಮ್ಮ ಜಿಲ್ಲೆಯ ಹತ್ತಾರು ಅಂಗಡಿಗಳಿಗೆ ಇದೇ ಮಾಲನ್ನು ಇದೇ ಮಾತಿನಿಂದ ಕೊಡುತ್ತಿದ್ದಾರೆ. ಅವರ ಅಂಗಡಿಯ ಹೆಸರನ್ನು ಇಲ್ಲಿ ಹಾಕುವುದಿಲ್ಲ. ದೂರು ಕೊಡುವ ಸಿದ್ಧತೆಯಲ್ಲಿದ್ದೇನೆ, ಹೆಸರು ಅಲ್ಲಿ ಬರಲಿ.

ಕಂಪನಿಯ ಅಸಲಿ ಕಾರ್ಟ್ರಿಜ್‌ಗೆ ನಾನು ಕೊಡುತ್ತಿದ್ದದ್ದು 5,200 ರೂಪಾಯಿ. ಪೆಟ್ಟಿಗೆಯ ಮೇಲೆ 2000 ಪುಟ ಎಂದಿರುತ್ತದೆ. ಆ ಲೆಕ್ಕ ಹೇಗೆ ಬರುತ್ತದೆಂದು ನಮ್ಮ ಕಸುಬಿನವರಿಗೆ ಗೊತ್ತು: ಹಾಳೆಯ ನೂರರಲ್ಲಿ ಐದು ಪಾಲಿನಷ್ಟು ಜಾಗದಲ್ಲಿ ಮಾತ್ರ ಮಸಿ ಬೀಳುತ್ತದೆ ಎಂಬ ಅಂದಾಜಿನ ಮೇಲೆ. ಒತ್ತಕ್ಷರಗಳ ಕನ್ನಡವನ್ನು 14 ಪಾಯಿಂಟಿನಲ್ಲಿ, ಅರ್ಧಕ್ಕರ್ಧ ದಪ್ಪಕ್ಷರ ಮಾಡಿ, ಲೀಗಲ್ ಹಾಳೆಯ ತುಂಬ ಮುದ್ರಿಸುವ ನಮಗೆ ಅಷ್ಟು ಪುಟ ಎಂದೂ ಬರುವುದಿಲ್ಲ. ಹೆಚ್ಚುಕಡಿಮೆ ತಿಂಗಳಿಗೊಂದು ಕಾರ್ಟ್ರಿಜ್ ಬೇಕು. ಅದೇ ಹೊತ್ತಿನಲ್ಲಿ ಜಿಲ್ಲಾ ಕೇಂದ್ರದ ಅಂಗಡಿಯವರು ‘ಕಂಪ್ಯಾಟಿಬಲ್, ಹೊಸ ಮಾಲು, ಹೊಸ ಡ್ರಮ್’ ಎಂದು 750 ರೂಪಾಯಿಗೆ ಕೊಡಲು ಮುಂದೆ ಬಂದರು. ಕಂಪ್ಯಾಟಿಬಲ್ ಎಂದರೆ ಬೇರೆಯವರು ತಯಾರಿಸಿದ, ಅದೇ ಪ್ರಿಂಟರಿಗೆ ಕೂರುವ ಮಾಲು; ಡ್ರಮ್ ಎಂದರೆ ಕಾರ್ಟ್ರಿಜ್ಜಿನೊಳಗೆ ತಿರುಗುತ್ತ ಪುಡಿಯನ್ನು ಅಕ್ಷರವಾಗಿ ಕಾಗದಕ್ಕೆ ದಾಟಿಸುವ ಉರುಳೆ. ಹಳೆಯ ಖಾಲಿ ಕಾರ್ಟ್ರಿಜ್ ಕೊಟ್ಟರೆ ಅದರಲ್ಲೂ 100 ರೂಪಾಯಿ ಕಡಿತ. 650ಕ್ಕೂ 5,200ಕ್ಕೂ ನಡುವಿನ ವ್ಯತ್ಯಾಸ 4,550 ರೂಪಾಯಿ. ನನ್ನ ಅಂಗಡಿಯ ಬಾಡಿಗೆ 4,000. ಪ್ರತಿ ತಿಂಗಳು ಬಾಡಿಗೆಯೇ ಉಳಿಯುತ್ತದೆ ಎಂದರೆ ಯಾರ ಮನಸ್ಸು ಆ ಕಡೆ ವಾಲುವುದಿಲ್ಲ, ಹೇಳಿ.

ಇದು ರೀಫಿಲ್ ಮಾಡಿದ್ದೇ, ಅಂದರೆ ಹಳೆಯ ಖಾಲಿ ಕಾರ್ಟ್ರಿಜ್ಜಿಗೆ ಮತ್ತೆ ಪುಡಿ ತುಂಬಿದ್ದೇ ಎಂದು ನಾನು ಮೊದಲೇ ಕೇಳಿದೆ. ಅವರು ಕೊಟ್ಟ ಉತ್ತರ ಅಕ್ಷರಶಃ ನೆನಪಿದೆ: “ರೀಫಿಲ್ ಬೇರೆ, ಇದು ಬೇರೆ ಸಾರ್. ಇದು ಫ್ಯಾಕ್ಟರಿ ಪ್ಯಾಕ್, ಹೊಸದು. ರೀಫಿಲ್ ಬೇಕಂದ್ರೆ 300ಕ್ಕೆ ನಾನೇ ಮಾಡಿಕೊಡ್ತೀನಿ, ಆದರೆ ನಿಮ್ಮಂಥ ಡಾಕ್ಯುಮೆಂಟ್ ಕೆಲಸದವರಿಗೆ ನಾನೇ ಬೇಡ ಅಂತೀನಿ.” ಈ ಕೊನೆಯ ಮಾತಿಗೆ ನಾನು ಸೋತೆ. ತಮ್ಮದೇ ವ್ಯಾಪಾರ ಬಿಟ್ಟು ನನ್ನ ಹಿತ ಹೇಳುತ್ತಿದ್ದಾರೆ ಎಂದುಕೊಂಡೆ. ಬಿಲ್ ಕೇಳಿದ್ದಕ್ಕೆ, ಬೇಕಾದರೆ ಜಿಎಸ್‌ಟಿ ಶೇಕಡಾ 18 ಸೇರಿಸಬೇಕಾಗುತ್ತದೆ, ನಮ್ಮ ನಿಮ್ಮ ನಡುವೆ ಅದೆಲ್ಲ ಏಕೆ ಎಂದರು. ನಾನೂ ಒಪ್ಪಿ ಸುಮ್ಮನಾದೆ. ಇದು ನನ್ನ ತಪ್ಪು, ಇದನ್ನು ಮುಚ್ಚಿಡುವುದಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಖಾಲಿಯಾದ ನನ್ನ ಅಸಲಿ ಕಾರ್ಟ್ರಿಜ್ ಕೊಟ್ಟು ಮೊದಲನೆಯದನ್ನು ತಂದೆ. ಚೆನ್ನಾಗಿ ಓಡಿತು. ನವೆಂಬರ್ ಮೊದಲ ವಾರದಲ್ಲಿ ಎರಡನೆಯದು ತಂದೆ, ಕೊನೆಕೊನೆಗೆ ಸ್ವಲ್ಪ ಮಸುಕಾದರೂ ನಡೆಯಿತು. ಡಿಸೆಂಬರ್ ಆರಂಭದಲ್ಲಿ ಮೂರನೆಯದು ತಂದೆ. ಎಲ್ಲವೂ ಕೆಟ್ಟದ್ದು ಆ ಮೂರನೆಯದರಿಂದ.

ಹಾಕಿದ ದಿನವೇ ಹಾಳೆಯ ಎಡ ಅಂಚಿನಲ್ಲಿ ಒಂದೇ ಬಗೆಯ ಕಪ್ಪು ಚುಕ್ಕೆ ಸುಮಾರು ಏಳೂವರೆ ಸೆಂಟಿಮೀಟರಿಗೊಂದರಂತೆ ಬೀಳತೊಡಗಿತು. ಅಷ್ಟು ಅಂತರಕ್ಕೆ ಚುಕ್ಕೆ ಮರುಕಳಿಸಿದರೆ ಅದು ನನ್ನ ಮಾದರಿಯ ಪ್ರಿಂಟರಿನಲ್ಲಿ ಡ್ರಮ್ಮಿನ ಒಂದು ಸುತ್ತು, ಅಂದರೆ ಡ್ರಮ್ಮಿನ ಮೇಲೆ ಗಾಯವಿದೆ ಎಂದೇ ಅರ್ಥ. ಹೊಸ ಡ್ರಮ್ಮಿಗೆ ಗಾಯ ಎಲ್ಲಿಂದ ಬಂತು? ಫೋನ್ ಮಾಡಿದೆ. “ಹೊಸದು ಸಾರ್, ಸೆಟ್ ಆಗಬೇಕು, ಒಂದಿಪ್ಪತ್ತು ಪ್ರಿಂಟ್ ತೆಗೀರಿ” ಎಂದರು. ಇಪ್ಪತ್ತಲ್ಲ, ಐವತ್ತು ತೆಗೆದೆ. ಚುಕ್ಕೆ ಹೋಗಲಿಲ್ಲ. ಕೆಲಸ ತುಂಬಿತ್ತು, ಅಂಚಿನ ಚುಕ್ಕೆಯಲ್ಲವೇ ಎಂದು ಸುಮ್ಮನಾದೆ. ಅಲ್ಲಿಗೇ ನಿಲ್ಲಿಸಬೇಕಾಗಿತ್ತು. ಅಲ್ಲಿಗೇ ನಿಲ್ಲಿಸಿ ಅದನ್ನು ಹೊರಗೆ ತೆಗೆಯಬೇಕಾಗಿತ್ತು.

ಡಿಸೆಂಬರ್ ಮಧ್ಯದಲ್ಲಿ ಒಂದು ಕುಟುಂಬದ ವಿಭಾಗಪತ್ರ ಬಂತು. ನಾಲ್ವರು ಅಣ್ಣತಮ್ಮಂದಿರು, ಇಬ್ಬರು ಅಕ್ಕತಂಗಿಯರು. ಒಬ್ಬರು ಮುಂಬಯಿಯಿಂದ ರಜೆ ಹಾಕಿ ಬಂದಿದ್ದರು, ಹಿರಿಯಕ್ಕನನ್ನು ಹಳ್ಳಿಯಿಂದ ಆಟೋದಲ್ಲಿ ಕರೆತಂದಿದ್ದರು. ಹನ್ನೆರಡು ಪುಟದ ಪತ್ರವನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಪತ್ರಬರಹಗಾರರಿಗೆ ಕೊಟ್ಟು ಕಳಿಸಿದೆ. ಒಂದು ಗಂಟೆಯೊಳಗೆ ಎಲ್ಲರೂ ನನ್ನ ಅಂಗಡಿಯ ಮುಂದೆ ಬಂದು ನಿಂತರು. ಹಿರಿಯಕ್ಕ ತಮ್ಮ ಎಡಗೈಯನ್ನು ನನ್ನ ಮುಂದೆ ಹಿಡಿದರು. ಹೆಬ್ಬೆಟ್ಟಿಗೆ ಹಚ್ಚಿದ ನೀಲಿ ಶಾಯಿ ಒಂದು ಕಡೆ, ಉಳಿದ ಬೆರಳುಗಳಿಗೆಲ್ಲ ಕಾಡಿಗೆಯಂತೆ ಕಪ್ಪು ಪುಡಿ. “ಇದೇನಪ್ಪಾ, ಬರೆದದ್ದು ಕೈಗೇ ಬಂತಲ್ಲ” ಎಂದರು. ಪತ್ರವನ್ನು ಮಡಿಚಿದ ಕಡೆಯೆಲ್ಲ ಅಕ್ಷರ ಸಿಪ್ಪೆಯಂತೆ ಎದ್ದು ಉದುರಿತ್ತು. ನಾಲ್ಕನೆಯ ಪುಟದಲ್ಲಿ, ಮಡಿಕೆಯ ಮೇಲೇ, ಅವರ ಪಾಲಿಗೆ ಬಂದ ಜಮೀನಿನ ಸರ್ವೆ ನಂಬರಿತ್ತು. ಅದರ ಕೊನೆಯ ಅಂಕಿ ಇರಲಿಲ್ಲ, ಚಕ್ಕುಬಂದಿಯಲ್ಲಿ ಪೂರ್ವಕ್ಕೆ ಯಾರ ಜಮೀನಿದೆ ಎಂಬ ಸಾಲು ಅರ್ಧ ಅಳಿಸಿತ್ತು. ಆಸ್ತಿಯ ಪತ್ರ ಐವತ್ತು ವರ್ಷ ಟ್ರಂಕಿನಲ್ಲಿರಬೇಕಾದದ್ದು, ಐವತ್ತು ನಿಮಿಷ ಉಳಿಯಲಿಲ್ಲ.

ಆ ದಿನ ನೋಂದಣಿಗೆಂದು ಅವರಿಗೆ ನಿಗದಿಯಾಗಿದ್ದ ಸಮಯ ತಪ್ಪಿಹೋಯಿತು. ಪಕ್ಕದ ಅಂಗಡಿಯಲ್ಲಿ ನನ್ನ ಖರ್ಚಿನಲ್ಲಿ ಮತ್ತೆ ಮುದ್ರಿಸಿಕೊಟ್ಟೆ, ಕೈಮುಗಿದು ಕ್ಷಮೆ ಕೇಳಿದೆ, ಆಟೋ ಬಾಡಿಗೆ ಕೊಟ್ಟೆ. ಮುಂಬಯಿಯಿಂದ ಬಂದವರು ಒಂದು ಮಾತೂ ಆಡದೆ ನನ್ನ ಮುಖ ನೋಡಿ ಹೋದರು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು.

ಮತ್ತೆ ಫೋನ್ ಮಾಡಿದೆ. ಈ ಸಲ ಉತ್ತರ: “ನಿಮ್ಮ ಪೇಪರ್ ದಪ್ಪ ಸಾರ್, ಚಳಿಗಾಲ, ಪೇಪರ್ ತೇವ ಹಿಡಿದಿರುತ್ತೆ.” ದಪ್ಪ ಕಾಗದಕ್ಕೆ ಶಾಖ ಹೆಚ್ಚು ಬೇಕೆಂಬುದು ನಿಜ. ಅದಕ್ಕಾಗಿಯೇ ಪ್ರಿಂಟರಿನ ಸೆಟ್ಟಿಂಗಿನಲ್ಲಿ ದಪ್ಪ ಕಾಗದ ಎಂದು ಆಯ್ಕೆ ಮಾಡಿಯೇ ನಾನು ಮುದ್ರಿಸುವುದು. ಇದೇ ಕಾಗದ, ಇದೇ ಬಂಡಲು, ಇದೇ ಸೆಟ್ಟಿಂಗಿನಲ್ಲಿ ಅಸಲಿ ಟೋನರಿನ ಅಕ್ಷರವನ್ನು ಉಗುರಿನಿಂದ ಕೆರೆದರೂ ಏಳುತ್ತಿರಲಿಲ್ಲ. ಹೀಗೆಂದಾಗ ಅವರು ಮಾತು ಬದಲಿಸಿ, ನಿಮ್ಮ ಪ್ರಿಂಟರೇ ಹಳೆಯದು, ಫ್ಯೂಸರ್ (ಪುಡಿಯನ್ನು ಕಾಯಿಸಿ ಕಾಗದಕ್ಕೆ ಅಂಟಿಸುವ ಭಾಗ) ಹೋಗಿರಬೇಕು, ತನ್ನಿ, ಬದಲಿಸಿಕೊಡುತ್ತೇನೆ, 2,800 ಆಗುತ್ತದೆ ಎಂದರು. ಅವರದೇ ಮಾಲಿನಿಂದ ಕೆಟ್ಟದ್ದಕ್ಕೆ ಅವರಿಗೇ ದುಡ್ಡು ಕೊಟ್ಟು ರಿಪೇರಿ ಮಾಡಿಸಬೇಕಂತೆ.

ನಾನು ಅವರಲ್ಲಿಗೆ ಹೋಗದೆ, ಮೊದಲಿನಿಂದಲೂ ನನ್ನ ಯಂತ್ರಗಳನ್ನು ನೋಡುವ ರಿಪೇರಿ ಹುಡುಗನನ್ನು ಕರೆಸಿದೆ. ಟೋನರ್ ಎಂಬುದು ಬರೀ ಮಸಿಯಲ್ಲ, ಕಪ್ಪು ಬಣ್ಣ ಬೆರೆಸಿದ ಪ್ಲಾಸ್ಟಿಕ್ಕಿನ ನುಣ್ಣನೆಯ ಪುಡಿ. ಅದು 200 ಡಿಗ್ರಿಯ ಆಸುಪಾಸಿನ ಶಾಖದಲ್ಲಿ ಕರಗಿ, ರೋಲರಿನ ಒತ್ತಡಕ್ಕೆ ಕಾಗದದ ನಾರಿನೊಳಗೆ ಇಳಿದು ಕೂತರೆ ಮಾತ್ರ ಅಕ್ಷರ ನಿಲ್ಲುತ್ತದೆ. ಒಂದೊಂದು ಪ್ರಿಂಟರಿನ ಶಾಖಕ್ಕೆ ತಕ್ಕಂತೆ ಒಂದೊಂದು ಪುಡಿ ಇರುತ್ತದೆ. ಕಿಲೋ ಲೆಕ್ಕದಲ್ಲಿ ಸಿಗುವ ಯಾವುದೋ ಪುಡಿಯನ್ನು ಎಲ್ಲದಕ್ಕೂ ತುಂಬಿದರೆ ಅದು ಕಾಗದದ ಮೇಲೆ ಅರ್ಧ ಬೆಂದು ಕೂರುತ್ತದೆ, ಉಳಿದರ್ಧ ಫ್ಯೂಸರಿನ ಸ್ಲೀವಿಗೆ, ಅಂದರೆ ಬಿಸಿಯಾಗಿ ತಿರುಗುವ ತೆಳು ಕೊಳವೆಗೆ, ಅಂಟುತ್ತದೆ. ಹುಡುಗ ಫ್ಯೂಸರ್ ಬಿಚ್ಚಿ ತೋರಿಸಿದ: ತೆಳು ಸ್ಲೀವಿನ ಮೇಲೆ ಕಪ್ಪು ಪದರ ಗಟ್ಟಿಯಾಗಿ, ಒಂದು ಕಡೆ ಹರಿದೇ ಹೋಗಿತ್ತು.

ಆಮೇಲೆ ಅವನು ಕಾರ್ಟ್ರಿಜ್ಜನ್ನು ಕೈಗೆ ತೆಗೆದುಕೊಂಡ. ಡ್ರಮ್ಮಿನ ಸುತ್ತ ದಾರ ಸುತ್ತಿದಂತೆ ಗೀರುಗಳಿದ್ದವು. ಡ್ರಮ್ಮಿನ ಮೇಲೆ ಉಳಿದ ಪುಡಿಯನ್ನು ಬ್ಲೇಡ್ ಒರೆಸಿ ಹಾಕುವ ಹಿಂಭಾಗದ ಕೋಣೆ ಕಂಠಪೂರ್ತಿ ತುಂಬಿತ್ತು. ಹೊಸ ಕಾರ್ಟ್ರಿಜ್ ಎಂಟುನೂರು ಪುಟಕ್ಕೆ ಅಷ್ಟು ತುಂಬುವುದು ಸಾಧ್ಯವೇ ಇಲ್ಲ. ಹಿಂದಿನ ಓಟದ ಕಸವನ್ನೂ ಚೆಲ್ಲದೆ ಮೇಲಿನಿಂದ ಪುಡಿ ಸುರಿದಿದ್ದರು. ಅವನು ಬದಿಯ ಬಣ್ಣದ ಸ್ಟಿಕ್ಕರಿನ ಮೂಲೆಯನ್ನು ಉಗುರಿನಿಂದ ಎಬ್ಬಿಸಿ ನಿಧಾನವಾಗಿ ಎಳೆದ. ಕೆಳಗೆ ಕಪ್ಪು ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಬಣ್ಣದಲ್ಲಿ ಏನೋ ಬರೆದಿತ್ತು.

ನಾನು ಪ್ರತಿ ಕಾರ್ಟ್ರಿಜ್ ಹಾಕುವಾಗಲೂ ಅದರ ಬದಿಯಲ್ಲಿ ವೈಟ್ನರಿನಿಂದ ದಿನಾಂಕ ಬರೆಯುತ್ತೇನೆ, ಕನ್ನಡ ಅಂಕಿಯಲ್ಲಿ. ಎಷ್ಟು ದಿನ ಬಂತೆಂದು ತಿಳಿಯುವುದಕ್ಕೆ. ಸ್ಟಿಕ್ಕರಿನ ಕೆಳಗೆ ಇದ್ದದ್ದು ‘೧೭-೮’. ನನ್ನ ಕೈಬರಹ. ನನ್ನ ಏಳು, ನನ್ನ ಎಂಟು. ಆಗಸ್ಟ್ 17ರಂದು ನಾನೇ ಹಾಕಿದ, ಸೆಪ್ಟೆಂಬರಿನಲ್ಲಿ 100 ರೂಪಾಯಿ ಕಡಿತಕ್ಕೆ ನಾನೇ ಅವರ ಕೈಗೆ ಕೊಟ್ಟ ಅಸಲಿ ಕಾರ್ಟ್ರಿಜ್ ಅದು. ನನ್ನ ಕಸವನ್ನು ನನಗೇ 650 ರೂಪಾಯಿಗೆ ಹೊಸದೆಂದು ಮಾರಿದ್ದರು. ಅದನ್ನು ನೋಡಿದಾಗ ನನ್ನ ಕೈ ನಡುಗಿತು. ರಿಪೇರಿ ಹುಡುಗ ನನ್ನ ಮುಖ ನೋಡಲಾರದೆ ತಲೆ ತಗ್ಗಿಸಿಕೊಂಡು ಸ್ಕ್ರೂ ಹಾಕತೊಡಗಿದ.

ಮರುದಿನ ಬಸ್ಸು ಹತ್ತಿ ಹೋಗಿ ಅದನ್ನು ಅವರ ಮೇಜಿನ ಮೇಲಿಟ್ಟೆ. ಸ್ಟಿಕ್ಕರ್ ಎತ್ತಿ ತೋರಿಸಿದೆ. ಮೊದಲು, ಇದು ನಮ್ಮ ಅಂಗಡಿಯದೇ ಅಲ್ಲ ಎಂದರು. ಪೆಟ್ಟಿಗೆ ತೋರಿಸಿದೆ. ಆಗ, “ಕಂಪ್ಯಾಟಿಬಲ್ ಅಂದ್ರೆ ಹೊಸದು ಅಂತ ನಾನೆಲ್ಲಿ ಹೇಳಿದೆ ಸಾರ್? ಕಂಪ್ಯಾಟಿಬಲ್ ಅಂದ್ರೆ ನಿಮ್ಮ ಪ್ರಿಂಟರಿಗೆ ಕೂರುತ್ತೆ ಅಂತ. ಕೂತಿದೆಯೋ ಇಲ್ವೋ?” ಎಂದರು. ಇನ್ನೂ ಸ್ವಲ್ಪ ದನಿ ಏರಿಸಿದಾಗ, “650ಕ್ಕೆ ಹೊಸದು ಎಲ್ಲಿ ಬರುತ್ತೆ, ನಿಮಗೇ ಗೊತ್ತಿರಬೇಕಿತ್ತು” ಎಂದರು. ಕೊನೆಗೆ ಬಂದದ್ದು ಒಂದೇ ಮಾತು: “ಬಿಲ್ ಇದ್ಯಾ?” ಬಿಲ್ ಇಲ್ಲವೆಂದು ಅವರಿಗೆ ಗೊತ್ತಿತ್ತು. ಬಿಲ್ ಬೇಡವೆನಿಸಿದವರೂ ಅವರೇ. ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು, ಅವರ ಮುಂದೆ ನಾನೇ ಸುಳ್ಳುಗಾರನಂತೆ ನಿಲ್ಲಬೇಕಾಯಿತು.

ಒಂದು ವಿಷಯವನ್ನು ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ರೀಫಿಲ್ ಮಾಡುವುದಾಗಲಿ, ಬೇರೆಯವರು ತಯಾರಿಸಿದ ಕಾರ್ಟ್ರಿಜ್ ಬಳಸುವುದಾಗಲಿ ತಪ್ಪೆಂದು ನಾನು ಹೇಳುತ್ತಿಲ್ಲ. ಕಂಪನಿಗಳ ಬೆಲೆಯೇ ನಮ್ಮನ್ನು ಈ ದಾರಿಗೆ ದೂಡುತ್ತದೆ. 2016ರ ಸೆಪ್ಟೆಂಬರಿನಲ್ಲಿ ಎಚ್‌ಪಿ ಕಂಪನಿಯ ಎಷ್ಟೋ ಇಂಕ್‌ಜೆಟ್ ಪ್ರಿಂಟರುಗಳು ಬೇರೆಯವರ ಕಾರ್ಟ್ರಿಜ್‌ಗಳನ್ನು ಇದ್ದಕ್ಕಿದ್ದಂತೆ ನಿರಾಕರಿಸತೊಡಗಿ, ಜನ ಗಲಾಟೆ ಮಾಡಿದ ಮೇಲೆ ಕಂಪನಿಯೇ ಅದನ್ನು ತೆಗೆದುಹಾಕುವ ತಂತ್ರಾಂಶ ಕೊಡಬೇಕಾಯಿತು. ಅಮೆರಿಕದ ಸುಪ್ರೀಂ ಕೋರ್ಟ್ 2017ರಲ್ಲಿ, ಲೆಕ್ಸ್‌ಮಾರ್ಕ್ ಕಂಪನಿಯ ಮೊಕದ್ದಮೆಯಲ್ಲಿ, ಒಮ್ಮೆ ಮಾರಿದ ಕಾರ್ಟ್ರಿಜ್‌ನ ಮೇಲೆ ಕಂಪನಿಯ ಪೇಟೆಂಟ್ ಹಕ್ಕು ಮುಗಿಯಿತು ಎಂದು ತೀರ್ಪು ಕೊಟ್ಟಿದೆ. ಆದ್ದರಿಂದ ನನ್ನ ಜಗಳ ರೀಫಿಲ್‌ನ ಮೇಲಲ್ಲ. ಹಳೆಯದನ್ನು ಹೊಸದೆಂದು ಮಾರಿದ ಸುಳ್ಳಿನ ಮೇಲೆ. ರೀಫಿಲ್ ಎಂದು ಹೇಳಿ ಕೊಟ್ಟಿದ್ದರೆ ನಾನು ಅದನ್ನು ಅರ್ಜಿಗಳಿಗೆ ಮಾತ್ರ ಬಳಸುತ್ತಿದ್ದೆ, ಆ ಕುಟುಂಬದ ಪತ್ರಕ್ಕೆ ಎಂದಿಗೂ ಹಾಕುತ್ತಿರಲಿಲ್ಲ.

ಆಮೇಲೆ ವಿಚಾರಿಸಿದಾಗ ತಿಳಿದದ್ದೇನೆಂದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಹಳೆಯ ಅಥವಾ ದುರಸ್ತಿ ಮಾಡಿದ ವಸ್ತುವನ್ನು ಹೊಸದೆಂದು ಹೇಳಿ ಮಾರುವುದನ್ನೂ, ಬಿಲ್ ಕೊಡದಿರುವುದನ್ನೂ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿಯಲ್ಲೇ ಸೇರಿಸಿದ್ದಾರೆ. ‘ನೀವು ಅಂಗಡಿಯವರು, ಗ್ರಾಹಕರಲ್ಲ’ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. ಸ್ವಂತ ದುಡಿಮೆಯಿಂದ ಜೀವನೋಪಾಯಕ್ಕಾಗಿಯೇ ಕೊಂಡು ಬಳಸುವ ವಸ್ತುವಿಗೆ ಆ ಮಾತು ಅನ್ವಯಿಸುವುದಿಲ್ಲ. ಐದು ಲಕ್ಷ ರೂಪಾಯಿವರೆಗಿನ ಖರೀದಿಯಾದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರಿಗೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ಕೊಡಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ನನ್ನ ಬಳಿ ಬಿಲ್ ಇಲ್ಲ, ಆದರೆ ಫೋನಿನಲ್ಲಿ ಹಣ ಕಳಿಸಿದ ಮೂರೂ ದಾಖಲೆಗಳಿವೆ, ‘ಹೊಸ ಸ್ಟಾಕ್ ಬಂದಿದೆ’ ಎಂದು ಅವರೇ ಕಳಿಸಿದ ಸಂದೇಶವಿದೆ, ಅರ್ಧ ಕಿತ್ತ ಸ್ಟಿಕ್ಕರಿನ ಆ ಕಾರ್ಟ್ರಿಜ್ ಇದೆ.

ಕೊಳ್ಳುವವರು ಇಷ್ಟು ಮಾಡಿ. ‘ಹೊಸದು’ ಎಂಬ ಪದ ಬರೆದ ಬಿಲ್ ಇಲ್ಲದೆ ದುಡ್ಡು ಕೊಡಬೇಡಿ. ಅಂಗಡಿಯಲ್ಲೇ ಸ್ಟಿಕ್ಕರಿನ ಮೂಲೆ ಎಬ್ಬಿಸಿ ನೋಡಿ, ಡ್ರಮ್ಮಿನ ಮುಚ್ಚಳ ಸರಿಸಿ ಗೀರು ಇದೆಯೇ ನೋಡಿ, ಆದರೆ ಬೇಗ ಮುಚ್ಚಿ, ಡ್ರಮ್ಮಿಗೆ ಬೆಳಕು ಆಗದು. ಹಾಕಿದ ಮೇಲೆ ಮೊದಲ ಹಾಳೆಯನ್ನು ಮಡಿಚಿ, ಮಡಿಕೆಯ ಮೇಲೆ ಹೆಬ್ಬೆರಳಿನಿಂದ ಬಲವಾಗಿ ಉಜ್ಜಿ. ಕೈಗೆ ಕಪ್ಪು ಬಂದರೆ ಆ ಕ್ಷಣವೇ ಹೊರಗೆ ತೆಗೆಯಿರಿ, ಸೆಟ್ ಆಗುತ್ತದೆ ಎಂಬ ಮಾತಿಗೆ ಕಾಯಬೇಡಿ. ಖಾಲಿ ಕಾರ್ಟ್ರಿಜ್ಜನ್ನು ನೂರು ರೂಪಾಯಿ ಆಸೆಗೆ ಯಾರಿಗೂ ಕೊಡಬೇಡಿ. ನಾನೀಗ ದಸ್ತಾವೇಜುಗಳಿಗೆ ಅಸಲಿಯನ್ನೇ ಹಾಕುತ್ತಿದ್ದೇನೆ. ಅರ್ಜಿಗಳಿಗೆಂದು ಇಟ್ಟ ಎರಡನೆಯ ಯಂತ್ರಕ್ಕೆ ನನ್ನದೇ ಖಾಲಿ ಕಾರ್ಟ್ರಿಜ್ಜನ್ನು ಆ ರಿಪೇರಿ ಹುಡುಗನ ಕೈಯಲ್ಲಿ ನನ್ನ ಕಣ್ಣೆದುರು, ಕಸದ ಕೋಣೆ ಖಾಲಿ ಮಾಡಿಸಿ ತುಂಬಿಸುತ್ತೇನೆ. ಫ್ಯೂಸರಿನ ಸ್ಲೀವಿಗೂ ಕೂಲಿಗೂ ಸೇರಿ 3,400 ರೂಪಾಯಿ ಹೋಯಿತು. ಮೂರು ತಿಂಗಳು ಉಳಿಸಿದ್ದೆಂದು ಲೆಕ್ಕ ಹಾಕಿದ್ದ ದುಡ್ಡು ಇದಕ್ಕೂ ಮರುಮುದ್ರಣಕ್ಕೂ ಕರಗುತ್ತಿದೆ.

ಡಿಸೆಂಬರ್ ಮೊದಲ ವಾರದಿಂದ ಮೂರನೆಯ ವಾರದವರೆಗೆ ನನ್ನ ಅಂಗಡಿಯಲ್ಲಿ ಪತ್ರ ಮುದ್ರಿಸಿಕೊಂಡವರು ಒಮ್ಮೆ ತೆಗೆದು ನೋಡಿ. ಸಹಿಯಾಗದ ಪತ್ರವಾದರೆ ತನ್ನಿ, ಎಷ್ಟೇ ಪುಟವಿರಲಿ, ಒಂದು ಪೈಸೆ ತೆಗೆದುಕೊಳ್ಳದೆ ಮತ್ತೆ ಮುದ್ರಿಸಿಕೊಡುತ್ತೇನೆ. ಈಗಾಗಲೇ ಸಹಿ, ಹೆಬ್ಬೆಟ್ಟು ಆಗಿದ್ದರೆ ಅದನ್ನು ಮಡಿಚಬೇಡಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಬೇಡಿ, ಅಕ್ಷರ ಕವರಿಗೆ ಅಂಟಿಕೊಂಡು ಬರುತ್ತದೆ. ಎರಡು ಬಿಳಿ ಹಾಳೆಗಳ ನಡುವೆ ಚಪ್ಪಟೆಯಾಗಿ ಇಡಿ, ನಾಳೆಯೇ ಒಂದು ನಕಲು ಪ್ರತಿ ತೆಗೆಸಿಕೊಳ್ಳಿ.